ಸರ್ವೀಸ್‌ನೌ ಕೆಬಿ: ಹುಡುಕಿದಾಗ ಯಾವ ಲೇಖನ ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು

ಸರ್ವೀಸ್‌ನೌ ಎಂದರೆ ಕಂಪನಿಗಳು ಐಟಿ ದೂರು, ಟಿಕೆಟ್‌ಗಳನ್ನು ನಿಭಾಯಿಸುವ ಸಾಫ್ಟ್‌ವೇರ್. ಕೆಬಿ, ಅಂದರೆ ನಾಲೆಡ್ಜ್ ಬೇಸ್, ಅದರೊಳಗಿನ ಸಹಾಯ ಲೇಖನಗಳ ಸಂಗ್ರಹ. ಸರ್ವೀಸ್ ಡೆಸ್ಕ್‌ನಲ್ಲಿ ಕೂತವರಿಗೆ ಈ ದೂರು ಹೊಸದಲ್ಲ: "ಆರ್ಟಿಕಲ್ ಪಬ್ಲಿಷ್ ಮಾಡಿದ್ದೀನಿ, ನನಗೆ ಕಾಣ್ತಿದೆ, ಯೂಸರ್‌ಗೆ ಮಾತ್ರ ಕಾಣ್ತಿಲ್ಲ." ಇದರ ತಿರುವುಮುರುವು ಇನ್ನೊಂದಿದೆ, ಅದು ದೂರಾಗಿ ಬರುವುದೇ ಇಲ್ಲ. ಎಚ್‌ಆರ್‌ನವರು ಮಾತ್ರ ಓದಬೇಕಿದ್ದ ಲೇಖನ ನಿನ್ನೆ ಕಾಂಟ್ರ್ಯಾಕ್ಟ್ ಮೇಲೆ ಸೇರಿದ ಹುಡುಗನ ಪರದೆಯಲ್ಲೂ ತೆರೆದುಕೊಳ್ಳುತ್ತದೆ. ಅವನು ಓದಿ ಸುಮ್ಮನಾಗುತ್ತಾನೆ. ಟಿಕೆಟ್ ಯಾರು ಹಾಕುತ್ತಾರೆ?

ಎರಡರಲ್ಲೂ ಸಾಮಾನ್ಯವಾಗಿ ಆಗುವ ಎಡವಟ್ಟು ಒಂದೇ. ಲೇಖನ ಕಾಣಲಿಲ್ಲ ಎಂದ ಕೂಡಲೇ ಕೈ ಸೀದಾ ಸರ್ಚ್ ಸೆಟ್ಟಿಂಗ್‌ಗೆ ಹೋಗುತ್ತದೆ. ತೊಂದರೆ ಬಹುತೇಕ ಅಲ್ಲಿರುವುದಿಲ್ಲ. ಲೇಖನವೊಂದು ಫಲಿತಾಂಶದ ಪಟ್ಟಿಗೆ ಬರಬೇಕಾದರೆ ಐದು ಬಾಗಿಲು ದಾಟಬೇಕು: ಲೇಖನದ ಸ್ಥಿತಿ, ಕೆಬಿಯ ಓದುವ ಹಕ್ಕು, ಆ ಲೇಖನದ್ದೇ ಓದುವ ಹಕ್ಕು, ಪೋರ್ಟಲ್‌ಗೂ (ಉದ್ಯೋಗಿಗಳು ಸಹಾಯ ಹುಡುಕುವ ವೆಬ್ ತಾಣ) ಕೆಬಿಗೂ ಇರುವ ಜೋಡಣೆ, ಸರ್ಚ್ ಸೋರ್ಸ್‌ನ (ಹುಡುಕಾಟ ಎಲ್ಲಿಂದ ಲೇಖನ ತರಬೇಕು ಎಂಬ ಸೆಟ್ಟಿಂಗ್) ಫಿಲ್ಟರ್. ಒಂದು ಮುಚ್ಚಿದ್ದರೂ ಲೇಖನ ಹೊರಗೇ. ಕೆಳಗಿನ ಹಂತಗಳನ್ನು ಇದೇ ಸಾಲಿನಲ್ಲಿ ಬರೆದಿದ್ದೇನೆ. ಐದನೆಯ ಬಾಗಿಲನ್ನು ಮೊದಲು ತಟ್ಟಬೇಡಿ.

## ಶುರುಮಾಡುವ ಮೊದಲು ಬೇಕಾದವು

ನಿಮಗೆ ನಾಲೆಡ್ಜ್ ಅಡ್ಮಿನ್ ರೋಲ್ ಬೇಕು, ಜೊತೆಗೆ ಇನ್ನೊಬ್ಬ ಬಳಕೆದಾರರ ಹೆಸರಲ್ಲಿ ಒಳಹೋಗಿ ನೋಡುವ ಇಂಪರ್ಸೊನೇಟ್ ಅನುಮತಿ. ನಿಮ್ಮಲ್ಲಿ ಸರ್ವೀಸ್‌ನೌನ ಎಐ ಸರ್ಚ್ ಎಂಬ ಹುಡುಕಾಟ ವ್ಯವಸ್ಥೆ ಚಾಲೂ ಇದ್ದರೆ ಅದರ ಅಡ್ಮಿನ್ ರೋಲ್ ನಿಮಗಿರಬೇಕು, ಇಲ್ಲವೇ ಅದಿರುವ ಸಹೋದ್ಯೋಗಿ ಪಕ್ಕದಲ್ಲಿರಬೇಕು.

ಮೂರು ಪರೀಕ್ಷಾ ಖಾತೆ ಗುರುತುಮಾಡಿಕೊಳ್ಳಿ: ಒಬ್ಬ ಸಾಮಾನ್ಯ ಉದ್ಯೋಗಿ, ಒಬ್ಬ ಕಾಂಟ್ರ್ಯಾಕ್ಟರ್, ಒಬ್ಬ ಸರ್ವೀಸ್ ಡೆಸ್ಕ್ ಏಜೆಂಟ್. ನಿಮ್ಮ ಸ್ವಂತ ಖಾತೆ ಲೆಕ್ಕಕ್ಕಿಲ್ಲ. ಅಡ್ಮಿನ್‌ಗೆ ಎಲ್ಲ ಬಾಗಿಲೂ ತೆರೆದೇ ಇರುತ್ತದೆ, ಹಾಗಾಗಿ "ನನಗೆ ಕಾಣ್ತಿದೆ" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೊಂದು ಬೇಕು: ಎಲ್ಲೂ ಬರಲಾರದ ಒಂದು ಪದ. ಪರೀಕ್ಷೆಗೆ ಹಿಡಿದ ಲೇಖನದ ಮೈಯಲ್ಲಿ ನಾನು ಇಂಗ್ಲಿಷ್ ಅಕ್ಷರಗಳಲ್ಲಿ "ಗೊಜ್ಜವಲಕ್ಕಿ" ಎಂದು ಸೇರಿಸುತ್ತೇನೆ. ವಿಪಿಎನ್, ಪ್ರಿಂಟರ್, ಪಾಸ್‌ವರ್ಡ್ ಲೇಖನಗಳಲ್ಲಿ ಆ ಪದ ಇರುವ ಸಂಭವವೇ ಇಲ್ಲ. ಅದನ್ನು ಹುಡುಕಿದಾಗ ಬಂದರೆ ನಿಮ್ಮ ಲೇಖನವೇ ಬಂದಿದೆ, ಬರದಿದ್ದರೆ ಯಾವುದೋ ಬಾಗಿಲು ಮುಚ್ಚಿದೆ. ಸಾಮಾನ್ಯ ಪದ ಹುಡುಕಿ ಇನ್ನೂರು ಫಲಿತಾಂಶಗಳ ನಡುವೆ ಕಣ್ಣಾಡಿಸುವ ಪಾಡಿಲ್ಲ. ಕೆಲಸ ಮುಗಿದ ಮೇಲೆ ಅಳಿಸಲು ಮರೆಯಬೇಡಿ. ನಾನೊಮ್ಮೆ ಮರೆತಿದ್ದೆ. "ವಿಪಿಎನ್ ಸ್ಟೆಪ್ 4ರಲ್ಲಿ ಗೊಜ್ಜವಲಕ್ಕಿ ಅಂದ್ರೇನು?" ಎಂದು ಪುಣೆಯಿಂದ ಟಿಕೆಟ್ ಬಂತು, ಪ್ರಯಾರಿಟಿ 3.

## ಹಂತ 1: ಯಾರು ಏನು ಓದಬೇಕು, ಮೊದಲು ಹಾಳೆಯಲ್ಲಿ

ಉಪಕರಣ ತೆರೆಯುವ ಮೊದಲು ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಎಡಕ್ಕೆ ಲೇಖನಗಳ ಗುಂಪು, ಮೇಲೆ ಓದುಗರ ಗುಂಪು. ಪ್ರತಿ ಚೌಕದಲ್ಲಿ ಹೌದು ಅಥವಾ ಇಲ್ಲ. "ನೋಡೋಣ" ಎಂದು ಬರೆದ ಚೌಕವನ್ನು ಇಲ್ಲ ಎಂದೇ ಓದಿ.

ಓದುಗರು ಬೇರೆಯಾದರೆ ಕೆಬಿಯೂ ಬೇರೆಯಾಗಲಿ. ಎಲ್ಲರಿಗೂ ತೆರೆದ ಐಟಿ ಸಹಾಯ ಒಂದು ಕೆಬಿ, ಏಜೆಂಟರ ಒಳ ಟಿಪ್ಪಣಿಗಳು ಇನ್ನೊಂದು, ಎಚ್‌ಆರ್ ಮತ್ತೊಂದು. ಎಲ್ಲವನ್ನೂ ಒಂದೇ ಕೆಬಿಯಲ್ಲಿ ತುಂಬಿ ಲೇಖನಕ್ಕೊಂದು ನಿಯಮ ಬರೆಯುತ್ತ ಕೂತರೆ ಆರು ತಿಂಗಳಲ್ಲಿ ಯಾವ ನಿಯಮ ಏಕೆ ಇದೆ ಎಂದು ನಿಮಗೇ ನೆನಪಿರುವುದಿಲ್ಲ.

ಕೆಟಗರಿ ಮಾಡಿದರೆ ಸಾಕು ಎಂದು ನಂಬಿ ಕೆಡುವವರು ಬಹಳ. ಕೆಟಗರಿ ಎಂದರೆ ಅಂಗಡಿಯ ಶೆಲ್ಫು. "ಇಂಟರ್ನಲ್ ಓನ್ಲಿ" ಎಂದು ಶೆಲ್ಫಿಗೆ ಚೀಟಿ ಅಂಟಿಸಿದರೆ ಯಾರ ಕೈಯೂ ನಿಲ್ಲುವುದಿಲ್ಲ.

## ಹಂತ 2: ಲೇಖನ ನಿಜಕ್ಕೂ ಚಾಲ್ತಿಯಲ್ಲಿದೆಯೇ

ಲೇಖನದ ಫಾರ್ಮ್ ತೆರೆದು ಎರಡೇ ಜಾಗ ನೋಡಿ: ವರ್ಕ್‌ಫ್ಲೋ (ಲೇಖನದ ಸ್ಥಿತಿ) ಮತ್ತು ವ್ಯಾಲಿಡ್ ಟು (ಲೇಖನ ಯಾವ ದಿನಾಂಕದವರೆಗೆ ಚಾಲ್ತಿ).

ವರ್ಕ್‌ಫ್ಲೋ "ಪಬ್ಲಿಷ್ಡ್" ಎಂದಿರಬೇಕು. ಡ್ರಾಫ್ಟ್, ರಿವ್ಯೂ, ರಿಟೈರ್ಡ್, ಔಟ್‌ಡೇಟೆಡ್ ಯಾವುದೂ ಸಾಮಾನ್ಯ ಓದುಗರ ಹುಡುಕಾಟಕ್ಕೆ ಬರುವುದಿಲ್ಲ. ಆವೃತ್ತಿ ಇಡುವ ಸೌಲಭ್ಯ, ಅಂದರೆ ವರ್ಷನಿಂಗ್, ಚಾಲೂ ಇದ್ದರೆ ಇನ್ನೊಂದು ಗೊಂದಲ ಕಾದಿರುತ್ತದೆ. ಲೇಖನವನ್ನು ಚೆಕ್ ಔಟ್ ಮಾಡಿ, ಅಂದರೆ ತಿದ್ದಲು ಹೊರತೆಗೆದು, ತಿದ್ದಿದಿರಿ, ಉಳಿಸಿದಿರಿ, ಆದರೂ ಯೂಸರ್‌ಗೆ ಹಳೆಯದೇ ಕಾಣುತ್ತಿದೆ. ನೀವು ಉಳಿಸಿದ್ದು ಹೊಸ ಆವೃತ್ತಿಯ ಕರಡು ಮಾತ್ರ. ಅದು ಪಬ್ಲಿಷ್ ಆಗುವವರೆಗೆ ಹಳೆಯದೇ ರಾಜ. ಆದ ಮೇಲೆ ಹಳೆಯದು ಔಟ್‌ಡೇಟೆಡ್ ಆಗುತ್ತದೆ. ಅಪ್ರೂವಲ್ ಬೇಕಾದ ಕೆಬಿಯಾದರೆ ಆ ಕರಡು ಯಾರದೋ ಇನ್‌ಬಾಕ್ಸ್‌ನಲ್ಲಿ ಕೂತಿರುತ್ತದೆ. ಫೋನ್ ಮಾಡಿ ಕೇಳಿ.

ವ್ಯಾಲಿಡ್ ಟು ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ದಿನಾಂಕ ದಾಟಿದ ಲೇಖನ ಪಬ್ಲಿಷ್ಡ್ ಸ್ಥಿತಿಯಲ್ಲೇ ಉಳಿಯುತ್ತದೆ, ಆದರೆ ಹುಡುಕಾಟದಿಂದ ಸದ್ದಿಲ್ಲದೆ ಮರೆಯಾಗುತ್ತದೆ. ಪರದೆಯ ಮೇಲೆ ಎಲ್ಲವೂ ಸರಿಯಾಗಿರುವಂತೆಯೇ ತೋರುತ್ತದೆ. ಕೆಬಿ ದಾಖಲೆಯಲ್ಲಿ ಆರ್ಟಿಕಲ್ ವ್ಯಾಲಿಡಿಟಿ ಎಂಬ ಜಾಗವಿದೆ. ಅಲ್ಲಿ ಹಾಕಿದ ದಿನಗಳ ಲೆಕ್ಕದಲ್ಲಿ ಹೊಸ ಲೇಖನಗಳ ವ್ಯಾಲಿಡ್ ಟು ನಿಗದಿಯಾಗುತ್ತದೆ. ನಾನು ಮೊದಲಿದ್ದ ಕಂಪನಿಯೊಂದರಲ್ಲಿ ಅದು 365 ಇತ್ತು. ಹಳೆಯ ಶೇರ್‌ಪಾಯಿಂಟ್‌ನಿಂದ ಎಲ್ಲ ಲೇಖನಗಳನ್ನೂ ಒಂದೇ ಶನಿವಾರ ತಂದು ಸುರಿದಿದ್ದೆವು. ಸರಿಯಾಗಿ ಒಂದು ವರ್ಷಕ್ಕೆ, ಬೆಳಗಿನ ಶಿಫ್ಟ್ ಶುರುವಾಗುವಷ್ಟರಲ್ಲಿ ಕೆಬಿ ಖಾಲಿ. ಸರ್ಚ್ ಇಂಜಿನ್ ಕೆಟ್ಟಿದೆ ಎಂದು ಮಧ್ಯಾಹ್ನದವರೆಗೆ ಬ್ರಿಜ್ ಕಾಲ್ (ಎಲ್ಲ ತಂಡಗಳೂ ಸೇರುವ ತುರ್ತು ಫೋನ್ ಸಭೆ) ನಡೆಯಿತು. ಕೊನೆಗೆ ಒಬ್ಬಳು ಟ್ರೈನಿ ಲೇಖನಗಳ ಪಟ್ಟಿಯಲ್ಲಿ ವ್ಯಾಲಿಡ್ ಟು ಕಾಲಂ ಸೇರಿಸಿ, "ಸಾರ್, ಎಲ್ಲದಕ್ಕೂ ನಿನ್ನೆಯದೇ ಡೇಟ್ ಇದೆಯಲ್ಲ" ಎಂದಳು.

ಮುಂದಿನ 30 ದಿನಗಳಲ್ಲಿ ವ್ಯಾಲಿಡ್ ಟು ಮುಗಿಯುವ ಪಬ್ಲಿಷ್ಡ್ ಲೇಖನಗಳ ರಿಪೋರ್ಟ್ ಒಂದನ್ನು ಇವತ್ತೇ ಮಾಡಿ, ವಾರಕ್ಕೊಮ್ಮೆ ಮೇಲ್ ಬರುವಂತೆ ಇಡಿ. ದಿನಾಂಕವನ್ನು ಕಣ್ಣುಮುಚ್ಚಿ 2100ಕ್ಕೆ ತಳ್ಳುವುದು ಸುಲಭದ ದಾರಿ, ಆದರೆ ಆಗ ಸತ್ತ ಲೇಖನಗಳೂ ಹುಡುಕಾಟದಲ್ಲಿ ಓಡಾಡುತ್ತಿರುತ್ತವೆ.

## ಹಂತ 3: ಕೆಬಿಯ ಬಾಗಿಲು, ಯೂಸರ್ ಕ್ರೈಟೀರಿಯಾ

ನಿಜವಾದ ನಿಯಂತ್ರಣ ಇರುವುದು ಇಲ್ಲಿ. ಕೆಬಿ ದಾಖಲೆಯ ಕೆಳಗೆ ನಾಲ್ಕು ಪಟ್ಟಿಗಳಿವೆ: ಕ್ಯಾನ್ ರೀಡ್, ಕ್ಯಾನಾಟ್ ರೀಡ್, ಕ್ಯಾನ್ ಕಾಂಟ್ರಿಬ್ಯೂಟ್, ಕ್ಯಾನಾಟ್ ಕಾಂಟ್ರಿಬ್ಯೂಟ್. ಪ್ರತಿಯೊಂದಕ್ಕೂ ಯೂಸರ್ ಕ್ರೈಟೀರಿಯಾ, ಅಂದರೆ ಆ ಪಟ್ಟಿಗೆ ಯಾರು ಬರುತ್ತಾರೆ ಎಂಬ ಷರತ್ತು, ಸೇರಿಸುತ್ತೀರಿ. ಅದು ವ್ಯಕ್ತಿ, ಗುಂಪು, ರೋಲ್, ಕಂಪನಿ, ಡಿಪಾರ್ಟ್‌ಮೆಂಟ್, ಲೊಕೇಶನ್ ಯಾವುದರ ಮೇಲೂ ಇರಬಹುದು.

ಕ್ಯಾನ್ ರೀಡ್ ಖಾಲಿ ಬಿಡಬೇಡಿ. ಖಾಲಿ ಇದ್ದರೆ ಯಾರಿಗೂ ಕಾಣದು ಎಂದು ಕೆಲವರ ಊಹೆ, ಎಲ್ಲರಿಗೂ ಕಾಣುತ್ತದೆ ಎಂದು ಇನ್ನು ಕೆಲವರದು. ಎರಡೂ ಆಗಬಹುದು. ಕ್ರೈಟೀರಿಯಾ ಇಲ್ಲದ ಕೆಬಿಯನ್ನು ತಡೆಯಬೇಕೇ ಬೇಡವೇ ಎಂದು ತೀರ್ಮಾನಿಸುವ ಸಿಸ್ಟಮ್ ಪ್ರಾಪರ್ಟಿ ಬೇರೆಯೇ ಇದೆ. ಪ್ರಾಪರ್ಟಿ ಪಟ್ಟಿಯಲ್ಲಿ "ಬ್ಲಾಕ್ ಆಕ್ಸೆಸ್ ವಿತ್ ನೋ ಯೂಸರ್ ಕ್ರೈಟೀರಿಯಾ" ಎಂಬರ್ಥದ ಹೆಸರಿನಲ್ಲಿ ಸಿಗುತ್ತದೆ. ಅದು ಟ್ರೂ ಇದೆಯೋ ಫಾಲ್ಸ್ ಇದೆಯೋ ನೋಡಿ ಬರೆದಿಟ್ಟುಕೊಳ್ಳಿ, ಆದರೆ ಅದನ್ನು ನೆಚ್ಚಬೇಡಿ. ಎಲ್ಲ ಉದ್ಯೋಗಿಗಳಿಗೂ ತೆರೆದ ಕೆಬಿಯಾದರೂ "ಎಲ್ಲ ಉದ್ಯೋಗಿಗಳು" ಎಂಬ ಕ್ರೈಟೀರಿಯಾವನ್ನೇ ಹಾಕಿ. ನಾಳೆ ಬಂದವರಿಗೆ ಇದು ಬೇಕೆಂದೇ ಮಾಡಿದ್ದು ಎಂದು ತಿಳಿಯುತ್ತದೆ.

ಕ್ಯಾನಾಟ್ ರೀಡ್ ಯಾವಾಗಲೂ ಗೆಲ್ಲುತ್ತದೆ. ಒಬ್ಬರು ಎರಡೂ ಪಟ್ಟಿಗೆ ಬಿದ್ದರೆ ಅವರಿಗೆ ಬಾಗಿಲಿಲ್ಲ. "ಫೈನಾನ್ಸ್ ಮ್ಯಾನೇಜರ್‌ಗೆ ಮಾತ್ರ ಕಾಣ್ತಿಲ್ಲ" ಎಂಬಂಥ ವಿಚಿತ್ರ ಟಿಕೆಟ್ ಬಂದಾಗ ಮೊದಲು ನೋಡಬೇಕಾದ್ದು ಇದನ್ನೇ. ಬಹಳ ಸಲ ಆ ವ್ಯಕ್ತಿ ಎಂದೋ ಒಂದು ಪ್ರಾಜೆಕ್ಟ್‌ಗೆಂದು ಸೇರಿದ ಹಳೆಯ ಗುಂಪಿನಲ್ಲಿ ಇನ್ನೂ ಉಳಿದಿರುತ್ತಾರೆ.

ಬರೆಯುವ ಹಕ್ಕಿನ ಜೊತೆ ಓದುವ ಹಕ್ಕೂ ಬರುತ್ತದೆ. ಕ್ಯಾನ್ ಕಾಂಟ್ರಿಬ್ಯೂಟ್‌ನಲ್ಲಿ ಇರುವವರನ್ನು ಕ್ಯಾನ್ ರೀಡ್‌ನಿಂದ ತೆಗೆದು ನಿಟ್ಟುಸಿರು ಬಿಟ್ಟರೆ ಏನೂ ಆಗಿರುವುದಿಲ್ಲ. ಓದುವವರ ಪಟ್ಟಿ ತಪಾಸಣೆ ಮಾಡುವಾಗ ಬರೆಯುವವರ ಪಟ್ಟಿಯನ್ನೂ ಕೂಡಿಸಿ ಓದಿ.

ಮ್ಯಾಚ್ ಆಲ್ ಗುರುತು. ಇದು ಪುಟ್ಟ ಚೌಕ, ಆದರೆ ಅತಿ ಹೆಚ್ಚು ಸೋರಿಕೆ ಆಗುವುದು ಇಲ್ಲೇ. ಮೈಸೂರು ಕಚೇರಿಯ ಫೈನಾನ್ಸ್ ವಿಭಾಗಕ್ಕೆ ಒಂದು ಕೆಬಿ ಮಾಡಿದಿರಿ ಎನ್ನಿ. ಕ್ರೈಟೀರಿಯಾದಲ್ಲಿ ಲೊಕೇಶನ್ ಮೈಸೂರು, ಡಿಪಾರ್ಟ್‌ಮೆಂಟ್ ಫೈನಾನ್ಸ್ ಎಂದು ತುಂಬಿ ಉಳಿಸಿದಿರಿ. ಮ್ಯಾಚ್ ಆಲ್ ಗುರುತು ಹಾಕದಿದ್ದರೆ ಈ ಎರಡರ ನಡುವೆ ಇರುವುದು "ಮತ್ತು" ಅಲ್ಲ, "ಅಥವಾ". ಮೈಸೂರಿನಲ್ಲಿ ಕೂತ ಎಲ್ಲರಿಗೂ, ಬೆಂಗಳೂರು, ಚೆನ್ನೈ, ಲಂಡನ್‌ನ ಫೈನಾನ್ಸ್‌ನವರಿಗೂ ಕೆಬಿ ತೆರೆದುಕೊಂಡಿತು. ಬೇಕಾದವರಿಗಂತೂ ಕಾಣುತ್ತಿದೆಯಲ್ಲ, ಹಾಗಾಗಿ ಯಾರೂ ಏನೂ ಹೇಳುವುದಿಲ್ಲ. ಇನ್ನು, ಒಂದೇ ಪಟ್ಟಿಗೆ ಎರಡು ಬೇರೆ ಕ್ರೈಟೀರಿಯಾ ಸೇರಿಸಿದರೆ ಅವುಗಳ ನಡುವೆಯೂ "ಅಥವಾ" ಸಂಬಂಧವೇ. ಎರಡೂ ಷರತ್ತು ಬೇಕಾದರೆ ಒಂದೇ ಕ್ರೈಟೀರಿಯಾದೊಳಗೆ ತಂದು ಮ್ಯಾಚ್ ಆಲ್ ಒತ್ತಿ.

ಸ್ಕ್ರಿಪ್ಟ್ ಬರೆಯುವ ಅಡ್ವಾನ್ಸ್ಡ್ ದಾರಿಯೂ ಇದೆ. ಗುಂಪಿನಲ್ಲಿ ಆಗುವ ಕೆಲಸಕ್ಕೆ ಸ್ಕ್ರಿಪ್ಟ್ ಬೇಡ ಎಂಬುದು ನನ್ನ ಹಟ. ಬರೆಯಲೇಬೇಕಾದರೆ, ಈಗ ಲಾಗಿನ್ ಆಗಿರುವವರು ಯಾರೆಂದು ಕೇಳುವ ಫಂಕ್ಷನ್ ಬಳಸಬೇಡಿ. ಸ್ಕ್ರಿಪ್ಟ್‌ಗೆ ವ್ಯವಸ್ಥೆಯೇ ಕೊಡುವ ಯೂಸರ್ ಐಡಿ ವೇರಿಯೇಬಲ್ ಬಳಸಿ. ಇಲ್ಲದಿದ್ದರೆ ಬೇರೊಬ್ಬರ ಹಕ್ಕನ್ನು ನೀವು ತಪಾಸಣೆ ಮಾಡುವಾಗ ಸ್ಕ್ರಿಪ್ಟ್ ನಿಮ್ಮ ಹಕ್ಕನ್ನೇ ಲೆಕ್ಕ ಹಾಕಿ "ಸರಿಯಾಗಿದೆ" ಎನ್ನುತ್ತದೆ.

## ಹಂತ 4: ಲೇಖನದ ಮಟ್ಟದ ನಿಯಮ, ಉಪ್ಪಿನಕಾಯಿಯಷ್ಟು

ಲೇಖನದ ಫಾರ್ಮ್‌ನಲ್ಲೂ ಕ್ಯಾನ್ ರೀಡ್, ಕ್ಯಾನಾಟ್ ರೀಡ್ ಜಾಗಗಳಿವೆ. ಇವು ಬಾಗಿಲನ್ನು ಕಿರಿದು ಮಾಡಲು, ಅಗಲ ಮಾಡಲು ಅಲ್ಲ. ಕೆಬಿಯ ಬಾಗಿಲನ್ನೇ ದಾಟದವರನ್ನು ಲೇಖನದ ಕ್ಯಾನ್ ರೀಡ್‌ಗೆ ಸೇರಿಸಿ "ಈಗ ನೋಡಿ" ಎಂದರೆ ಅವರಿಗೆ ಏನೂ ಕಾಣದು. ಹಾಗೆ ಬೇಕಾದರೆ ಆ ಲೇಖನದ ಜಾಗ ಬೇರೆ ಕೆಬಿ.

ಕೆಬಿಗೆ ಬರೆಯುವ ಹಕ್ಕಿರುವವರಿಗೂ ಲೇಖನ ಮಟ್ಟದ ನಿಯಮ ಅನ್ವಯಿಸಬೇಕೇ ಎಂಬುದಕ್ಕೆ ಪ್ರತ್ಯೇಕ ಪ್ರಾಪರ್ಟಿ ಇದೆ. ಅದು ನಿಮ್ಮಲ್ಲಿ ಹೇಗಿದೆ ನೋಡಿಕೊಳ್ಳಿ. ಲೇಖನ ಮಟ್ಟದ ಕ್ರೈಟೀರಿಯಾ ಇರುವ ಎಲ್ಲ ಲೇಖನಗಳ ಪಟ್ಟಿಯನ್ನು ಫಿಲ್ಟರ್ ಮಾಡಿ ಉಳಿಸಿಡಿ. ಆ ಪಟ್ಟಿ ಒಂದು ಪರದೆ ದಾಟಿತೆಂದರೆ ಹಂತ 1ರಲ್ಲಿ ಕೆಬಿಗಳನ್ನು ವಿಂಗಡಿಸಿದ್ದೇ ತಪ್ಪಾಗಿದೆ.

## ಹಂತ 5: ಪೋರ್ಟಲ್ ಮತ್ತು ಸರ್ಚ್ ಸೋರ್ಸ್

ಹಕ್ಕೆಲ್ಲ ಸರಿಯಿದ್ದೂ ಪೋರ್ಟಲ್‌ನಲ್ಲಿ ಮಾತ್ರ ಲೇಖನ ಬರುತ್ತಿಲ್ಲವೇ? ಪೋರ್ಟಲ್‌ನ ದಾಖಲೆ ತೆರೆದು ಅದರ ನಾಲೆಡ್ಜ್ ಬೇಸ್ ಪಟ್ಟಿಯಲ್ಲಿ ನಿಮ್ಮ ಕೆಬಿ ಇದೆಯೇ ನೋಡಿ. ಹೊಸ ಕೆಬಿ ಮಾಡಿದವರು ಇದನ್ನು ಮರೆಯುವುದು ಮಾಮೂಲು. ಎರಡು ಪೋರ್ಟಲ್ ಇದ್ದರೆ ಎರಡರಲ್ಲೂ ನೋಡಿ.

ಎಐ ಸರ್ಚ್ ಇದ್ದಲ್ಲಿ ಸರಪಳಿ ಇನ್ನಷ್ಟು ಉದ್ದ. ಪೋರ್ಟಲ್ ಒಂದು ಸರ್ಚ್ ಅಪ್ಲಿಕೇಶನ್‌ಗೆ ಅಂಟಿರುತ್ತದೆ, ಅದು ಸರ್ಚ್ ಪ್ರೊಫೈಲ್‌ಗೆ, ಪ್ರೊಫೈಲ್ ಸರ್ಚ್ ಸೋರ್ಸ್‌ಗಳಿಗೆ, ಸೋರ್ಸ್ ಇಂಡೆಕ್ಸ್ಡ್ ಸೋರ್ಸ್‌ಗೆ (ಹುಡುಕಾಟಕ್ಕೆಂದು ಮೊದಲೇ ಪದಸೂಚಿ, ಅಂದರೆ ಇಂಡೆಕ್ಸ್, ಮಾಡಿಟ್ಟ ದಾಖಲೆಗಳು). ಸರ್ಚ್ ಸೋರ್ಸ್‌ನ ಫಿಲ್ಟರ್ ಷರತ್ತನ್ನು ಓದಿ. ಯಾರೋ ಎಂದೋ ಒಂದೇ ಕೆಬಿಯ ಹೆಸರು ಹಾಕಿಟ್ಟಿದ್ದರೆ ಹೊಸ ಕೆಬಿ ಅಲ್ಲಿಗೇ ನಿಲ್ಲುತ್ತದೆ.

ಬದಲಾವಣೆ ಮಾಡಿದ ಮೇಲೆ ಎರಡು ಕೆಲಸ. ಪ್ರೊಫೈಲ್‌ನಲ್ಲಿ ಪಬ್ಲಿಷ್ ಒತ್ತಿ, ಉಳಿಸಿದರೆ ಸಾಲದು. ಇಂಡೆಕ್ಸ್ಡ್ ಸೋರ್ಸ್‌ನ ಷರತ್ತು ಬದಲಿಸಿದ್ದರೆ ಪೂರ್ತಿ ರೀಇಂಡೆಕ್ಸ್ ಮಾಡಿ. ದೊಡ್ಡ ಕೆಬಿಯಾದರೆ ಇದನ್ನು ಹಗಲು ಹೊತ್ತಿನ ನೂಕುನುಗ್ಗಲಿನಲ್ಲಿ ಮಾಡಬೇಡಿ.

ಅಟ್ಯಾಚ್‌ಮೆಂಟ್ ಒಳಗಿನ ಪಠ್ಯವನ್ನೂ ಇಂಡೆಕ್ಸ್ ಮಾಡುವಂತೆ ಇಟ್ಟಿದ್ದರೆ, ಲೇಖನದಲ್ಲಿ ಇಲ್ಲದ ಪದಕ್ಕೂ ಆ ಲೇಖನ ಬರುತ್ತದೆ. ಸಂಬಂಧವೇ ಇಲ್ಲದ ಫಲಿತಾಂಶ ಕಂಡರೆ ಅದಕ್ಕೆ ಅಂಟಿಸಿದ ಪಿಡಿಎಫ್ ತೆರೆದು ನೋಡಿ.

## ಹಂತ 6: ಮೇಲೆ ತರುವುದು, ಕೆಳಗೆ ತಳ್ಳುವುದು

ಐದು ಬಾಗಿಲು ದಾಟಿದ ಲೇಖನ ಮೂರನೆಯ ಪುಟದಲ್ಲಿ ಬಿದ್ದಿದ್ದರೆ ಅದು ಹಕ್ಕಿನ ತೊಂದರೆಯಲ್ಲ, ಭಾಷೆಯ ತೊಂದರೆ. ಯೂಸರ್ ಹುಡುಕುವುದು "ಔಟ್‌ಲುಕ್ ನಾಟ್ ಓಪನಿಂಗ್". ನಮ್ಮ ತಲೆಬರಹ "ಮೆಸೇಜಿಂಗ್ ಕ್ಲೈಂಟ್ ಆರಂಭ ವೈಫಲ್ಯ ನಿವಾರಣಾ ವಿಧಾನ". ಇಬ್ಬರೂ ಹೇಗೆ ಭೇಟಿಯಾಗಬೇಕು? ಕಳೆದ ತಿಂಗಳ ಟಿಕೆಟ್‌ಗಳ ಶಾರ್ಟ್ ಡಿಸ್ಕ್ರಿಪ್ಷನ್ ಕಾಲಂ ತೆಗೆದು, ಅಲ್ಲಿ ಜನ ಬರೆದ ಪದಗಳನ್ನೇ ತಲೆಬರಹಕ್ಕೆ ತನ್ನಿ. ತಲೆಬರಹದಲ್ಲಿ ಹಿಡಿಸದ್ದನ್ನು ಮೆಟಾ ಎಂಬ ಹುಡುಕಾಟದ ಪದಗಳ ಜಾಗಕ್ಕೆ ಹಾಕಿ. ಮೆಟಾದಲ್ಲಿ ಐವತ್ತು ಪದ ತುಂಬಿದರೆ ಆ ಲೇಖನ ಎಲ್ಲದಕ್ಕೂ ಬಂದು ಎಲ್ಲರಿಗೂ ತೊಡಕಾಗುತ್ತದೆ, ಐದಾರು ಸಾಕು. ಎಲ್ಲ ಲೇಖನಗಳಿಗೂ ಬೇಕಾದ ಜೋಡಿ ಪದಗಳನ್ನು, ಲ್ಯಾಪಿ ಎಂದರೆ ಲ್ಯಾಪ್‌ಟಾಪ್ ಎಂಬಂಥವನ್ನು, ಸಿನೊನಿಮ್ ನಿಘಂಟಿಗೆ ಸೇರಿಸಿ.

ಎಐ ಸರ್ಚ್‌ನ ರಿಸಲ್ಟ್ ಇಂಪ್ರೂವ್‌ಮೆಂಟ್ ರೂಲ್‌ಗಳಲ್ಲಿ ಮೂರು ಹತಾರಗಳಿವೆ: ಪ್ರಮೋಟ್ (ತುದಿಯಲ್ಲಿ ನಿಲ್ಲಿಸುವುದು), ಬೂಸ್ಟ್ (ಮೇಲಕ್ಕೆ ತಳ್ಳುವುದು), ಬ್ಲಾಕ್ (ಪಟ್ಟಿಯಿಂದ ತೆಗೆಯುವುದು). ಸರ್ವರ್ ಬಿದ್ದ ದಿನ ಒಂದು ಲೇಖನವನ್ನು ಎಲ್ಲರ ಮೇಲೆ ನಿಲ್ಲಿಸಲು ಪ್ರಮೋಟ್ ಸೊಗಸಾಗಿ ಒದಗುತ್ತದೆ, ಮಾರನೆಯ ದಿನ ತೆಗೆಯುವುದು ನೆನಪಿದ್ದರೆ.

ಬ್ಲಾಕ್ ಮಾತ್ರ ಎಚ್ಚರಿಕೆಯಿಂದ. ಅದು ಬಟ್ಟೆಯ ಪರದೆ, ಬೀಗವಲ್ಲ. ಹುಡುಕಾಟದಿಂದ ತೆಗೆದ ಲೇಖನದ ಲಿಂಕ್ ಯಾರದೋ ಹಳೆಯ ಮೇಲ್‌ನಲ್ಲೋ ಟೀಮ್ಸ್ ಚಾಟ್‌ನಲ್ಲೋ ಇರುತ್ತದೆ. ಓದುವ ಹಕ್ಕಿರುವವರು ಒತ್ತಿದರೆ ತೆರೆದುಕೊಳ್ಳುತ್ತದೆ. ಗುಟ್ಟಿನ ವಿಷಯವನ್ನು ಬ್ಲಾಕ್ ಮಾಡಿ ಬಚ್ಚಿಟ್ಟೆ ಎನ್ನುವವರಿಗೆ ಹಂತ 3ಕ್ಕೆ ವಾಪಸ್ ಹೋಗಿ ಎನ್ನುತ್ತೇನೆ.

## ಹಂತ 7: ಏಜೆಂಟರ ಕಡೆಯ ಸೋರಿಕೆ

ಏಜೆಂಟ್ ಇನ್ಸಿಡೆಂಟ್ (ದೂರಿನ ಟಿಕೆಟ್) ಫಾರ್ಮ್ ತುಂಬುವಾಗಲೇ ಪಕ್ಕದಲ್ಲಿ ಸಂಬಂಧಪಟ್ಟ ಲೇಖನಗಳು ಬರುತ್ತವೆ. ಅವು ಬರುವುದು ಏಜೆಂಟರ ಹಕ್ಕಿನ ಪ್ರಕಾರ, ಕರೆ ಮಾಡಿದವರ ಹಕ್ಕಿನ ಪ್ರಕಾರ ಅಲ್ಲ. ರಾತ್ರಿ ಎರಡೂವರೆಗೆ, ಕ್ಯೂನಲ್ಲಿ ಹನ್ನೊಂದು ಕರೆ ಕಾಯುತ್ತಿರುವಾಗ, ಏಜೆಂಟ್ ಒಳ ಕೆಬಿಯ ನಾಲ್ಕು ಸಾಲು ನಕಲಿಸಿ ಟಿಕೆಟ್‌ಗೆ ಅಂಟಿಸುತ್ತಾನೆ. ಅಂಟಿಸಿದ್ದು ವರ್ಕ್ ನೋಟ್ಸ್‌ನಲ್ಲಾದರೆ ಒಳಗೇ ಉಳಿಯಿತು. ಅದರ ಮೇಲಿನ ಅಡಿಷನಲ್ ಕಾಮೆಂಟ್ಸ್ ಡಬ್ಬಿಯಲ್ಲಾದರೆ ಗ್ರಾಹಕರಿಗೆ ಮೇಲ್ ಹೊರಟೇಹೋಯಿತು. ನೀವು ಕಟ್ಟಿದ ಐದೂ ಬಾಗಿಲು ಹಾಗೇ ಮುಚ್ಚಿಕೊಂಡಿವೆ, ಮಾಹಿತಿ ಮಾತ್ರ ಕಿಟಕಿಯಿಂದ ಆಚೆ.

ಒಳ ಕೆಬಿಯ ಪ್ರತಿ ಲೇಖನದ ಮೊದಲ ಸಾಲಿನಲ್ಲೇ ದಪ್ಪ ಅಕ್ಷರದಲ್ಲಿ "ಗ್ರಾಹಕರಿಗೆ ಕಳಿಸಬೇಡಿ" ಎಂದು ಬರೆಯಿರಿ. ಪಕ್ಕದಲ್ಲಿ ಲೇಖನ ತೋರಿಸುವ ಈ ಹುಡುಕಾಟದ ಸೆಟ್ಟಿಂಗ್‌ನಲ್ಲಿ ಸರ್ಚ್ ಆ್ಯಸ್ ಸೌಲಭ್ಯವನ್ನು ಚಾಲೂ ಮಾಡಿದರೆ ಕರೆ ಮಾಡಿದವರಿಗೆ ಏನು ಕಾಣುತ್ತದೋ ಅದನ್ನೇ ಏಜೆಂಟ್ ನೋಡಬಹುದು. ಕಾಣದ ಲೇಖನದ ಲಿಂಕ್ ಕಳಿಸಿ ಬೈಸಿಕೊಳ್ಳುವುದೂ ತಪ್ಪುತ್ತದೆ.

## ಹಂತ 8: ಪರೀಕ್ಷೆ

ಮೂರೂ ಖಾತೆಗಳಲ್ಲಿ ಒಂದೊಂದಾಗಿ ಇಂಪರ್ಸೊನೇಟ್ ಮಾಡಿ, ಪೋರ್ಟಲ್‌ನಲ್ಲಿ ಗೊಜ್ಜವಲಕ್ಕಿ ಹುಡುಕಿ. ಫಲಿತಾಂಶವನ್ನು ಹಂತ 1ರ ಹಾಳೆಯ ಚೌಕಕ್ಕೆ ಹೋಲಿಸಿ. ಹೌದು ಎಂದಿರುವಲ್ಲಿ ಬರುವುದನ್ನಷ್ಟೇ ನೋಡಿ ಮುಗಿಸಬೇಡಿ; ಇಲ್ಲ ಎಂದಿರುವಲ್ಲಿ ಬರದಿರುವುದನ್ನೂ ನೋಡಿ. ಜನ ಬಿಡುವುದು ಈ ಎರಡನೆಯದನ್ನೇ. ಇಲ್ಲ ಎಂದಿರುವ ಖಾತೆಯಲ್ಲಿ ಲೇಖನದ ನೇರ ಲಿಂಕನ್ನೂ ಒತ್ತಿ ನೋಡಿ.

ಲೆಕ್ಕ ತಪ್ಪಿದರೆ ನಾಲೆಡ್ಜ್ ಮೆನುವಿನ ಅಡ್ಮಿನಿಸ್ಟ್ರೇಶನ್ ಅಡಿಯಲ್ಲಿ ಯೂಸರ್ ಕ್ರೈಟೀರಿಯಾ ಡಯಾಗ್ನೋಸ್ಟಿಕ್ಸ್ ತೆರೆಯಿರಿ. ಬಳಕೆದಾರರನ್ನೂ ಕೆಬಿ ಅಥವಾ ಲೇಖನವನ್ನೂ ಆರಿಸಿದರೆ ಯಾವ ಕ್ರೈಟೀರಿಯಾದಿಂದ ಹಕ್ಕು ಸಿಕ್ಕಿದೆ, ಯಾವುದರಿಂದ ತಪ್ಪಿದೆ ಎಂದು ತೋರಿಸುತ್ತದೆ. ಅಲ್ಲಿ ಹಕ್ಕು ಇದೆ ಎಂದು ಬಂದು, ಹುಡುಕಿದಾಗ ಬಾರದಿದ್ದರೆ ಮಾತ್ರ ಹಂತ 5ಕ್ಕೆ ಹೋಗಿ.

ಗುಂಪಿಗೆ ಸೇರಿಸಿದ ಮರುಕ್ಷಣ ಯೂಸರ್ "ಇನ್ನೂ ಕಾಣ್ತಿಲ್ಲ" ಎಂದರೆ ಗಾಬರಿ ಬೇಡ. ಕ್ರೈಟೀರಿಯಾದ ಲೆಕ್ಕ ಅವರ ಸೆಷನ್‌ನಲ್ಲಿ ನೆನಪಾಗಿ ಉಳಿದಿರುತ್ತದೆ. ಲಾಗೌಟ್ ಆಗಿ ಮತ್ತೆ ಬರಲು ಹೇಳಿ. ಆ ಐದು ನಿಮಿಷದಲ್ಲಿ ಇನ್ನೊಂದು ಕ್ರೈಟೀರಿಯಾ ಸೇರಿಸಿ, ಮತ್ತೊಂದು ತೆಗೆದು ಎಲ್ಲ ಕಲಸುಮೇಲೋಗರ ಮಾಡಿಕೊಂಡವರನ್ನು ಕಂಡಿದ್ದೇನೆ.

## ಈ ಲಕ್ಷಣ ಕಂಡರೆ ನಿಲ್ಲಿ

ಒಬ್ಬರಿಗೆ ಮಾತ್ರ ಕಾಣದಿದ್ದರೆ ಕ್ಯಾನಾಟ್ ರೀಡ್ ನೋಡಿ. ಒಂದೇ ಬೆಳಗಿಗೆ ಎಲ್ಲರಿಗೂ ಎಲ್ಲವೂ ಮಾಯವಾದರೆ ವ್ಯಾಲಿಡ್ ಟು. ಒಂದು ಪೋರ್ಟಲ್‌ನಲ್ಲಿ ಬಂದು ಇನ್ನೊಂದರಲ್ಲಿ ಬಾರದಿದ್ದರೆ ಪೋರ್ಟಲ್ ಜೋಡಣೆ. ತಿದ್ದಿದ್ದು ಕಾಣದೆ ಹಳೆಯದೇ ಕಂಡರೆ ಪಬ್ಲಿಷ್ ಆಗದ ಕರಡು. ಅಡ್ಮಿನ್‌ಗೆ ಕಂಡು ಉಳಿದ ಯಾರಿಗೂ ಕಾಣದಿದ್ದರೆ ಕೆಬಿಯ ಕ್ಯಾನ್ ರೀಡ್. ಹೊಸ ಕೆಬಿ ಮಾಡಿ ವಾರವಾದರೂ ಹಕ್ಕು ಕೇಳಿ ಒಂದೂ ಟಿಕೆಟ್ ಬಂದಿಲ್ಲ ಎಂದರೆ ಖುಷಿಪಡುವ ಮೊದಲು ಕಾಂಟ್ರ್ಯಾಕ್ಟರ್ ಖಾತೆಯಲ್ಲೊಮ್ಮೆ ಹೋಗಿ ನೋಡಿ.

ಎಲ್ಲ ಸರಿಬಂದ ಮೇಲೆ ಲೇಖನದಿಂದ ಗೊಜ್ಜವಲಕ್ಕಿಯನ್ನು ಅಳಿಸಿ, ಮತ್ತೆ ಪಬ್ಲಿಷ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಪದ ಹುಡುಕಿ. ಸೊನ್ನೆ ಫಲಿತಾಂಶ ಬರಬೇಕು. ಇನ್ನೂ ಬರುತ್ತಿದ್ದರೆ ನಿಮ್ಮ ಇಂಡೆಕ್ಸ್ ತಾಜಾ ಆಗುತ್ತಿಲ್ಲ. ಹಂತ 5ರ ರೀಇಂಡೆಕ್ಸ್ ಬಾಕಿಯಿದೆ.